ಮನೆ ಬಿಡುವುದೋ, ದೇವರನ್ನು ನಂಬಿ ಕೂರುವುದೋ?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಮಳೆಗಾಲ ಹತ್ತಿರ ಬಂದಂತೆ ಕೊಡಗಿನಿಂದ ಬರುವ ಪತ್ರಗಳಲ್ಲಿ ಮನೆಯ ಚಿಂತೆಯೇ ಹೆಚ್ಚು. ಈ ಸಲ ಬಂದವುಗಳಲ್ಲಿ ಮನೆ ಬದಲಿಸುವ ಮಾತು ಮತ್ತು ದೇವರ ಮಾತು ಒಟ್ಟಿಗೇ ಇರುವ ಕೆಲವನ್ನು ಆರಿಸಿಕೊಂಡಿದ್ದೇವೆ. ಕೇಳಿದವರ ಹೆಸರು ಬಿಟ್ಟಿದ್ದೇವೆ.

ಮಕ್ಕಂದೂರು ಕಡೆಯಿಂದ ಒಬ್ಬ ಗೃಹಿಣಿ: ಇಳಿಜಾರಿನಲ್ಲಿ ನಮ್ಮದು ಹಳೆಯ ಹೆಂಚಿನ ಮನೆ. 2018ರಲ್ಲಿ ಎದುರಿನ ಗುಡ್ಡ ಜಾರಿತು, ನಮ್ಮದು ಉಳಿಯಿತು. ಹೋದ ಮಳೆಗಾಲದಿಂದ ಮನೆ ಹಿಂದಿನ ಬರೆಯ (ಕಡಿದಾದ ಮಣ್ಣಿನ ದಿಬ್ಬದ) ಮೇಲೆ, ತೋಟದೊಳಗೆ, ಒಂದು ಬಿರುಕು ಕಾಣುತ್ತಿದೆ. ಅಡುಗೆಮನೆ ಬಾಗಿಲೂ ಹಿಡಿಯುತ್ತದೆ. ಕುಶಾಲನಗರಕ್ಕೆ ಹೋಗೋಣ ಎನ್ನುತ್ತಾರೆ ನಮ್ಮವರು. ಅತ್ತೆ ಮಾತ್ರ, ‘ಇಗ್ಗುತಪ್ಪ ದೇವರು ಕಾಪಾಡಿದ ಮನೆ, ಬಿಟ್ಟು ಹೋದರೆ ಉಪಕಾರ ಮರೆತ ಹಾಗೆ’ ಎಂದು ಕೂತಿದ್ದಾರೆ. ಅವರ ಮನಸ್ಸು ನೋಯಿಸಲೂ ಆಗುತ್ತಿಲ್ಲ.

ಮೊದಲು ಬಿರುಕು, ಆಮೇಲೆ ಅತ್ತೆಯ ಮಾತು. ಅತ್ತೆಯ ಜೊತೆ ಮಾತನಾಡಲು ಸಮಯವಿದೆ, ಮಳೆ ಕಾಯುವುದಿಲ್ಲ.

ಬೇಸಿಗೆಯಲ್ಲಿ ಮಣ್ಣು ಒಣಗಿ ಬಿಡುವ ಬಿರುಕು ಎಲ್ಲ ದಿಕ್ಕಿಗೂ ಹರಡಿರುತ್ತದೆ, ನಾಲ್ಕು ಮಳೆ ಬಿದ್ದರೆ ಮುಚ್ಚಿಕೊಳ್ಳುತ್ತದೆ. ಜಾರಲು ಹೊರಟ ಗುಡ್ಡದ ಬಿರುಕು ಬೇರೆ ಬಗೆ. ಅದು ಇಳಿಜಾರಿಗೆ ಅಡ್ಡಲಾಗಿ ಬಿಲ್ಲಿನಂತೆ ಬಾಗಿ ಸಾಗುತ್ತದೆ, ಕೆಳಗಿನ ಅಂಚು ಮೇಲಿನದಕ್ಕಿಂತ ತಗ್ಗಿಗೆ ಇಳಿದಿರುತ್ತದೆ. ನಿಮ್ಮದು ಎರಡನೆಯ ಬಗೆಯದಾದರೆ ಮುಂದಿನ ಮಾತೇ ಬೇಡ, ಈ ಮಳೆಗಾಲ ಆ ಮನೆಯಲ್ಲಿ ಮಲಗಬೇಡಿ. ಯಾವುದೆಂದು ಖಚಿತವಿಲ್ಲದಿದ್ದರೆ ಅಳೆಯಿರಿ. ಬಿರುಕಿನ ಎರಡೂ ಬದಿಗೆ ಒಂದೊಂದು ಅಡಿ ಬಿಟ್ಟು, ಮೂರಡಿ ಉದ್ದದ ಕಬ್ಬಿಣದ ಸಲಾಕೆಗಳನ್ನು ಎರಡಡಿ ಆಳಕ್ಕೆ ಹೊಡೆಯಿರಿ. ತಲೆಯ ಮೇಲೆ ಗುರುತು ಮಾಡಿ, ಗುರುತಿನಿಂದ ಗುರುತಿಗೆ ಟೇಪ್ ಹಿಡಿದು ಮಿಲಿಮೀಟರ್ ಲೆಕ್ಕದಲ್ಲಿ ಬರೆದಿಡಿ. ಈಗ ವಾರಕ್ಕೊಮ್ಮೆ ಸಾಕು, ಮಳೆ ಹಿಡಿದ ಮೇಲೆ ದಿನಾ ಬೇಕು. ತೋಟದಲ್ಲಿ ಮಳೆಮಾಪಕ ಇದ್ದೇ ಇರುತ್ತದಲ್ಲ, ಆ ದಿನದ ಮಳೆಯನ್ನೂ ಪಕ್ಕದಲ್ಲೇ ಬರೆಯಿರಿ. ಅಂತರ ಎಷ್ಟು ಹೆಚ್ಚಿತು ಎನ್ನುವುದಕ್ಕಿಂತ ಹೆಚ್ಚುವ ವೇಗ ಏರುತ್ತಿದೆಯೇ ಎನ್ನುವುದನ್ನು ನೋಡಿ. ನಿನ್ನೆ ಎರಡು ಮಿಲಿಮೀಟರ್, ಇಂದು ಐದು ಎಂದಾದರೆ ನಾಳೆಗೆ ಕಾಯಬೇಡಿ. ಅಳೆಯುವ ಕೆಲಸವೂ ಹಗಲಿನಲ್ಲಿ, ಮಳೆ ಬಿಟ್ಟಾಗ ಮಾತ್ರ.

ಬಾಗಿಲು ಹಿಡಿಯುವುದಕ್ಕೆ ನಮ್ಮಲ್ಲಿ ಎರಡು ಕಾರಣ. ಮರ ತೇವ ಕುಡಿದು ಊದಿಕೊಂಡರೆ ಬಾಗಿಲು ಉದ್ದಕ್ಕೂ ಉಜ್ಜುತ್ತದೆ, ಬಿಸಿಲು ಬಂದಾಗ ಸರಿಹೋಗುತ್ತದೆ. ಗೋಡೆ ಓರೆಯಾಗಿದ್ದರೆ ಒಂದೇ ಮೂಲೆಯಲ್ಲಿ ಕಚ್ಚುತ್ತದೆ, ಬೇಸಿಗೆಯಲ್ಲೂ ಬಿಡುವುದಿಲ್ಲ. ಚೌಕಟ್ಟಿನ ಎರಡು ಕರ್ಣಗಳನ್ನು, ಅಂದರೆ ಮೂಲೆಯಿಂದ ಎದುರು ಮೂಲೆಗೆ, ಅಳೆದು ಬರೆಯಿರಿ. ಎರಡರ ನಡುವಿನ ವ್ಯತ್ಯಾಸ ತಿಂಗಳಿಂದ ತಿಂಗಳಿಗೆ ಬೆಳೆಯುತ್ತಿದ್ದರೆ ಚೌಕಟ್ಟು ತಿರುಚಿಕೊಳ್ಳುತ್ತಿದೆ. ಗೋಡೆಯ ಬಿರುಕಿಗೆ ಅಡ್ಡಲಾಗಿ ನಾಲ್ಕಿಂಚಿನ ತೆಳು ಗಾಜಿನ ಪಟ್ಟಿ ಇಟ್ಟು ಎರಡೂ ತುದಿಗೆ ಸಿಮೆಂಟ್ ಮೆತ್ತಿ, ಸಿಮೆಂಟ್ ಹಸಿಯಿರುವಾಗಲೇ ಮೊಳೆಯಿಂದ ತಾರೀಕು ಕೊರೆದಿಡಿ. ಗೋಡೆ ಕೂದಲೆಳೆಯಷ್ಟು ಅಲುಗಿದರೂ ಗಾಜು ಒಡೆಯುತ್ತದೆ.

ಒರತೆಯ ತಿಳಿನೀರು ಇದ್ದಕ್ಕಿದ್ದಂತೆ ಕೆಂಪಾಗುವುದು, ಇಲ್ಲದ ಕಡೆ ಹೊಸ ಒರತೆ ಒಡೆಯುವುದು, ತೋಟದ ಸಿಲ್ವರ್ ಓಕ್ ಮರಗಳು ವಾಲುವುದು, ನೆಲದೊಳಗಿಂದ ಸದ್ದು ಬರುವುದು: ಇವುಗಳಲ್ಲಿ ಒಂದು ಕಂಡರೂ ಪಾತ್ರೆಪಗಡಿ ಹುಡುಕುತ್ತ ನಿಲ್ಲದೆ ಹೊರಡಿ. ಓಡುವುದು ಅಕ್ಕಪಕ್ಕದ ಎತ್ತರಕ್ಕೆ. ಕೊಲ್ಲಿಯ, ಅಂದರೆ ಗುಡ್ಡಗಳ ನಡುವೆ ನೀರು ಹರಿಯುವ ಕಣಿವೆಯ, ಹಾದಿ ಹಿಡಿಯಬೇಡಿ, ಜಾರಿದ ಮಣ್ಣೂ ಅದೇ ಹಾದಿ ಹಿಡಿಯುತ್ತದೆ.

ಅಲ್ಲಿಯವರೆಗೆ ಬಿರುಕಿನೊಳಗೆ ನೀರು ಇಳಿಯದಂತೆ ನೋಡಿಕೊಳ್ಳಿ. ಜೇಡಿಮಣ್ಣು ತುಂಬಿ ತುಳಿದು, ಮೇಲೆ ಟಾರ್ಪಾಲ್ ಹೊದಿಸಿ, ಮೇಲಿನಿಂದ ಹರಿದು ಬರುವ ನೀರನ್ನು ಬದಿಗೆ ತಿರುಗಿಸುವ ಚರಂಡಿ ಮಾಡಿ. ಬಿರುಕಿನ ಮೇಲ್ಭಾಗದ ಕಾಫಿ ಸಾಲುಗಳಲ್ಲಿ ಮಳೆನೀರು ಇಂಗಿಸುವ ತೊಟ್ಟಿಲು ಗುಂಡಿ ತೆಗೆಯಬೇಡಿ. ಬೇರೆಡೆ ಅದು ತೋಟಕ್ಕೆ ಒಳ್ಳೆಯದು, ಇಲ್ಲಿ ಗುಡ್ಡದ ಹೊಟ್ಟೆಗೆ ನೀರು ಕುಡಿಸಿದ ಹಾಗಾಗುತ್ತದೆ. ಮಣ್ಣಿನ ಸಂದುಗಳಲ್ಲಿ ನೀರು ತುಂಬಿದಾಗ ಭಾರ ಹೆಚ್ಚುತ್ತದೆ, ಹಿಡಿತ ಸಡಿಲುತ್ತದೆ. ಕೆಳಗೆ ಜೆಸಿಬಿಯಿಂದ ಬರೆ ಕಡಿದಿದ್ದರೆ ಆನಿಕೆಯೂ ಇಲ್ಲ. ತಡೆಗೋಡೆ ಕಟ್ಟಿಸುವವರು ನೀರು ಹೊರಬರಲು ಮೂರಿಂಚಿನ ಪೈಪುಗಳನ್ನೂ ಗೋಡೆಯ ಹಿಂದೆ ಜಲ್ಲಿಯನ್ನೂ ಹಾಕದಿದ್ದರೆ ಆ ಗೋಡೆಯೇ ಮೊದಲು ಮಲಗುತ್ತದೆ. ಅಳತೆಯ ಪಟ್ಟಿ, ಫೋಟೋ ಸೇರಿಸಿ ತಹಶೀಲ್ದಾರರಿಗೆ ಅರ್ಜಿ ಕೊಡಿ, ಭೂವಿಜ್ಞಾನಿ ಬಂದು ನೋಡಬೇಕೆಂದು ಅದರಲ್ಲೇ ಬರೆಯಿರಿ, ಸ್ವೀಕೃತಿ ಪಡೆಯಿರಿ. ತುರ್ತಾದರೆ ಜಿಲ್ಲಾ ಸಹಾಯವಾಣಿ 1077.

ಇನ್ನು ಅತ್ತೆಯ ಮಾತು. 2018ರಲ್ಲಿ ಉಳಿದ ಗುಡ್ಡ ಮುಂದೆಯೂ ಉಳಿಯುತ್ತದೆ ಎನ್ನಲು ಆಧಾರವಿಲ್ಲ. 2019ರಲ್ಲಿ ಕುಸಿದದ್ದು ತೋರ ಎಂಬ ಊರಿನ ಗುಡ್ಡ, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಆ ಕುಸಿತಕ್ಕೆ ಸಿಕ್ಕಿದ್ದು ಕ್ಷೇತ್ರದ ಅರ್ಚಕರ ಮನೆ. ಅವರ ಭಕ್ತಿಯಲ್ಲಿ ಕೊರತೆ ಇತ್ತೆಂದು ಯಾರಾದರೂ ಹೇಳಿಯಾರೇ? ಈ ಮಾತನ್ನು ಅತ್ತೆಯನ್ನು ಸೋಲಿಸಲು ಎತ್ತಬೇಡಿ. ಭಕ್ತಿ ಮತ್ತು ಮಣ್ಣಿನ ಹಿಡಿತ ಎರಡೂ ಬೇರೆ ಬೇರೆ ವಿಷಯ ಎಂದು ನಿಮಗೆ ಸ್ಪಷ್ಟವಿದ್ದರೆ ಸಾಕು.

ಅವರಲ್ಲಿ ಇರುವುದು ಹಟಕ್ಕಿಂತ ಋಣದ ಭಾವ. ಅದನ್ನು ತೀರಿಸಲು ದಾರಿ ಮಾಡಿಕೊಟ್ಟರೆ ಅರ್ಧ ಭಾರ ಇಳಿಯುತ್ತದೆ. ಹೊರಡುವ ಮೊದಲು ಕಕ್ಕಬ್ಬೆಯ ಪಾಡಿ ಇಗ್ಗುತಪ್ಪನಲ್ಲಿಗೆ ಕರೆದುಕೊಂಡು ಹೋಗಿ, ಅಕ್ಕಿ ಒಪ್ಪಿಸಿ, ಅವರ ಬಾಯಿಂದಲೇ ಹೇಳಿಸಿ: ನೀನು ಉಳಿಸಿದ ಜೀವಗಳನ್ನು ಸುರಕ್ಷಿತ ಜಾಗಕ್ಕೆ ಕರೆದೊಯ್ಯುತ್ತಿದ್ದೇವೆ ಎಂದು. ಕುಲದ ಹಿರಿಯರಾದ ಗುರು ಕಾರೋಣರ ನೆಲೆ ಐನ್‌ಮನೆ ಎಂಬ ಮೂಲಮನೆ ಮತ್ತು ಕೈಮಡ ಎಂಬ ಪೂರ್ವಜರ ಗುಡಿ. ನೀವು ಬಿಡುತ್ತಿರುವುದು ವಾಸದ ಮನೆಯನ್ನು, ಒಕ್ಕದ, ಅಂದರೆ ಕುಲದ, ಸಂಬಂಧ ಎಲ್ಲಿಗೂ ಹೋಗುವುದಿಲ್ಲ. ಒಪ್ಪಿಸುವುದು ಇನ್ನೂ ಕಷ್ಟವಾದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಳಗೆ, ಪುತ್ತರಿ ಸುಗ್ಗಿಹಬ್ಬಕ್ಕೆ ಮೇಲೆ ಎಂಬ ಏರ್ಪಾಡು ಮಾಡಿ ನೋಡಿ. ಒಂದು ಮಳೆಗಾಲ ನಿದ್ದೆಗೆಡದೆ ಕಳೆದ ಮೇಲೆ ಅವರೇ ಬೇರೆ ಮಾತನಾಡಬಹುದು. ಮಳೆಗಾಲದ ನಡುವೆ ‘ಒಂದು ರಾತ್ರಿ ದೀಪ ಹಚ್ಚಿ ಬರುತ್ತೇನೆ’ ಎಂದು ಅವರು ಹೊರಟರೆ ಮಾತ್ರ ಒಪ್ಪಬೇಡಿ.

ಸೋಮವಾರಪೇಟೆಯಿಂದ ಒಬ್ಬರು: ಬಾಡಿಗೆ ಮನೆ ಜುಲೈ 20ಕ್ಕೆ ಖಾಲಿಯಾಗುತ್ತದಂತೆ. ಅದು ಕಕ್ಕಡ. ಆ ತಿಂಗಳಲ್ಲಿ ಮನೆ ಹೊಕ್ಕರೆ ಆಗಿಬರುವುದಿಲ್ಲ ಎನ್ನುತ್ತಾರೆ.

ಕಕ್ಕಡ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ. ಗದ್ದೆ ಕೆಲಸ, ಬಿಡದ ಮಳೆ, ರಸ್ತೆಯೂ ಸರಿಯಿಲ್ಲ. ಶುಭಕಾರ್ಯ ಇಟ್ಟುಕೊಳ್ಳದಿರಲು ಆಗಿನವರಿಗೆ ಒಳ್ಳೆಯ ಕಾರಣಗಳೇ ಇದ್ದವು. ಶಾಸ್ತ್ರದಲ್ಲಿ ಗೃಹಪ್ರವೇಶ ಮೂರು ಬಗೆ: ಹೊಸದಾಗಿ ಕಟ್ಟಿದ ಮನೆಗೆ ಅಪೂರ್ವ, ದೂರ ಪ್ರವಾಸ ಮುಗಿಸಿ ಬಂದಾಗ ಸಪೂರ್ವ, ಬೆಂಕಿ ನೀರಿನಿಂದ ಕೆಟ್ಟ ಮನೆಯನ್ನು ಸರಿಪಡಿಸಿ ಮತ್ತೆ ಹೊಗುವಾಗ ದ್ವಂದ್ವ. ತಿಂಗಳು ನಕ್ಷತ್ರಗಳ ಕಟ್ಟುನಿಟ್ಟು ಹೆಚ್ಚಾಗಿ ಮೊದಲನೆಯದಕ್ಕೆ. ಬಾಡಿಗೆ ಮನೆಗೆ ಹಾಲುಕ್ಕಿಸಿದರೆ ಸಾಕು. ಮನಸ್ಸು ಒಪ್ಪದಿದ್ದರೆ ಸಾಮಾನು ಈಗ ಸಾಗಿಸಿ, ಆಗಸ್ಟ್ 17ರ ಸಿಂಹ ಸಂಕ್ರಮಣ ಕಳೆದ ಮೇಲೆ ಒಳ್ಳೆಯ ದಿನ ನೋಡಿ ಪೂಜೆ ಇಟ್ಟುಕೊಳ್ಳಿ. ಬರೆ ಕುಸಿಯುವ ಭಯದಿಂದ ಹೊರಡುವವರಿಗಂತೂ ಮುಹೂರ್ತದ ಮಾತೇ ಇಲ್ಲ.

ಹಾಲುಕ್ಕಿಸಲು ಅರ್ಧ ಲೀಟರಿನ ಚಿಕ್ಕ ಪಾತ್ರೆ ಸಾಕು. ದೊಡ್ಡ ಪಾತ್ರೆಯಲ್ಲಿಟ್ಟರೆ ಉಕ್ಕಿದ ಹಾಲು ಬರ್ನರಿನ ತೂತುಗಳಿಗೆ ಇಳಿದು, ಹೊಸ ಮನೆಯಲ್ಲಿ ಮೊದಲ ಕೆಲಸ ಒಲೆ ರಿಪೇರಿ ಆಗುತ್ತದೆ.

ವಿರಾಜಪೇಟೆ ತಾಲ್ಲೂಕಿನಿಂದ: ದೇವರ ಕೋಣೆ ಸಾಗಿಸುವ ಕ್ರಮ ತಿಳಿಸಿ. ಹಿತ್ತಾಳೆಯ ತೂಗುದೀಪ, ಹಳೆಯ ಪಟಗಳು, ಕಾವೇರಿ ತೀರ್ಥ, ಅಂಗಳದಲ್ಲಿ ತುಳಸಿ. ತೋಟದ ಮೂಲೆಯಲ್ಲಿ ನಾಗನ ಕಲ್ಲೂ ಇದೆ. ಒಂದು ಹರಕೆಯೂ ಬಾಕಿ.

ತುಳಸಿಯಿಂದ ಶುರುಮಾಡಿ, ಅದಕ್ಕೆ ಹೆಚ್ಚು ದಿನ ಬೇಕು. ಹಳೆಯ ಕಟ್ಟೆಯ ತುಳಸಿ ಕಿತ್ತು ನೆಟ್ಟರೆ ಬದುಕುವುದು ಅನುಮಾನ. ಸಾಗಿಸುವ ಮೂರು ವಾರ ಮೊದಲೇ ನಾಲ್ಕಿಂಚಿನ ಐದಾರು ಎಳೆಯ ತುಂಡುಗಳನ್ನು ಗೆಣ್ಣಿನ ಕೆಳಗೆ ಕತ್ತರಿಸಿ, ತುದಿಯ ಹೂಕದಿರು ಚಿವುಟಿ, ಕೆಳಗಿನ ಎಲೆ ತೆಗೆದು ಲೋಟದ ನೀರಿನಲ್ಲಿಡಿ. ಎರಡು ದಿನಕ್ಕೊಮ್ಮೆ ನೀರು ಬದಲಿಸಿದರೆ ಎರಡು ವಾರದೊಳಗೆ ಬೇರು ಬರುತ್ತದೆ. ಆಮೇಲೆ ಕುಂಡಕ್ಕೆ. ಮರಳು ಬೆರೆತ ಮಣ್ಣಿರಲಿ, ಮಳೆಗಾಲದಲ್ಲಿ ಸೂರಿನ ಕೆಳಗಿರಲಿ. ನಮ್ಮ ಕಡೆ ತುಳಸಿ ಸಾಯುವುದು ಹೆಚ್ಚಾಗಿ ಬೇರು ಕೊಳೆತು. ತಾಯಿಗಿಡವನ್ನೇ ಒಯ್ಯಬೇಕೆಂದರೆ ಬುಡದಿಂದ ಒಂದು ಗೇಣು ಬಿಟ್ಟು ಸುತ್ತ ಅಗೆದು, ಮಣ್ಣಿನ ಹೆಂಟೆ ಒಡೆಯದಂತೆ ಒದ್ದೆ ಗೋಣಿಯಲ್ಲಿ ಬಿಗಿದು, ಮೇಲಿನ ಕೊಂಬೆಗಳಲ್ಲಿ ಮೂರನೇ ಒಂದು ಭಾಗ ಕತ್ತರಿಸಿ.

ದೀಪದ ಎಣ್ಣೆ ಬಸಿದು, ಬತ್ತಿ ತೆಗೆದು, ಒಣ ತೌಡಿನಿಂದ ಜಿಡ್ಡು ಉಜ್ಜಿ, ಹುಣಸೆಹಣ್ಣಿನಲ್ಲಿ ತಿಕ್ಕಿ ತೊಳೆಯಿರಿ. ಸರಪಳಿಯ ಕೊಂಡಿಗಳ ಸಂದಿನಲ್ಲಿ ನೀರು ನಿಂತರೆ ಕಿಲುಬು ಹಿಡಿಯುತ್ತದೆ, ಬಿಸಿಲಿನಲ್ಲಿ ಪೂರ್ತಿ ಒಣಗಬೇಕು. ಸುತ್ತಲು ಹತ್ತಿ ಬಟ್ಟೆ. ಪತ್ರಿಕೆಯ ಕಾಗದ ತೇವ ಹಿಡಿದು ಹಿತ್ತಾಳೆಯ ಮೇಲೆ ಕಲೆ ಬಿಡುತ್ತದೆ. ಹೊಸ ಮನೆಯಲ್ಲಿ ಜಂತಿ ಇರುವುದಿಲ್ಲ. ಕಾಂಕ್ರೀಟ್ ಸೂರಿನ ಫ್ಯಾನ್ ಕೊಕ್ಕೆಗೆ ನೇತುಹಾಕಬಹುದು, ಪಿಒಪಿ ಸೂರಿಗೆ ಮಾತ್ರ ಬೇಡ.

ಪಟಗಳನ್ನು ಮಲಗಿಸಿ ಒಂದರ ಮೇಲೊಂದು ಪೇರಿಸಬೇಡಿ. ಗಾಜಿಗೆ ಗಾಜು ಎದುರಾಗಿ, ನಡುವೆ ಬಟ್ಟೆಯಿಟ್ಟು, ರಟ್ಟಿನ ಪೆಟ್ಟಿಗೆಯಲ್ಲಿ ನಿಲ್ಲಿಸಿ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದರೆ ಒಳಗೆ ಬೂಷ್ಟು. ಬಣ್ಣ ಹೋದ, ಬೂಷ್ಟು ತಿಂದ ಪಟಗಳನ್ನು ಅಶ್ವತ್ಥದ ಬುಡಕ್ಕೋ ಹೊಳೆಗೋ ಹಾಕುವ ಅಭ್ಯಾಸ ನಮಗೆ ಒಪ್ಪಿಗೆಯಿಲ್ಲ. ಕಾವೇರಿಯನ್ನು ತಾಯಿ ಎನ್ನುವವರು ಅವಳೊಳಗೆ ಒಡೆದ ಗಾಜು ಬಿಡುವುದು ಹೇಗೆ? ಚೌಕಟ್ಟು, ಗಾಜು ಬಿಚ್ಚಿ ಗುಜರಿಗೆ ಕೊಡಿ. ಕಾಗದವನ್ನು ನಮಸ್ಕರಿಸಿ ಬಕೆಟ್ ನೀರಿನಲ್ಲಿ ನೆನೆಸಿ, ಕರಗಿದ್ದನ್ನು ಹೂಗಿಡದ ಬುಡಕ್ಕೆ ಸುರಿಯಿರಿ.

ತುಲಾ ಸಂಕ್ರಮಣದ ತೀರ್ಥ ಇರುವ ಸೀಸೆಯನ್ನು ಲಾರಿಗೆ ಹಾಕದೆ ಕೈಯಲ್ಲೇ ಹಿಡಿದುಕೊಳ್ಳಿ. ಚೆಲ್ಲಿದರೆ ಅಪಶಕುನವೇನೂ ಅಲ್ಲ, ಮುಂದಿನ ಅಕ್ಟೋಬರಿನಲ್ಲಿ ತೀರ್ಥೋದ್ಭವ ಇದ್ದೇ ಇದೆ. ನಾಗನ ಕಲ್ಲನ್ನು ನೀವಾಗಿ ಕದಲಿಸಬೇಡಿ. ಅಲ್ಲೇ ಇರಲಿ, ಜಾಗ ಮಾರುವುದಾದರೆ ಹೋಗಿಬರಲು ದಾರಿಯ ಹಕ್ಕನ್ನು ಕ್ರಯಪತ್ರದಲ್ಲೇ ಬರೆಸಿ. ಬಾಯಿಮಾತಿನ ಒಪ್ಪಂದ ಜಾಗ ಮತ್ತೊಮ್ಮೆ ಕೈಬದಲಾದಾಗ ನಿಲ್ಲುವುದಿಲ್ಲ.

ಹರಕೆಗಾಗಿ ಸಾಲ ಮಾಡಬೇಡಿ. ಒಂದು ನಾಣ್ಯವನ್ನು ಅರಿಶಿನ ಬಟ್ಟೆಯಲ್ಲಿ ಮುಡಿಪು ಕಟ್ಟಿ, ಯಾವ ದೇವರಿಗೆ, ಏನು ಎಂದು ಚೀಟಿ ಬರೆದು ಅದರೊಳಗೇ ಇಡಿ. ಮನೆ ಬದಲಿಸುವ ಗಲಾಟೆಯಲ್ಲಿ ಯಾವ ಮುಡಿಪು ಯಾರದೆಂದು ಮರೆತು ಪೇಚಾಡುವವರು ತುಂಬ ಜನ.

ಸಿದ್ದಾಪುರದಿಂದ ಒಬ್ಬ ತಾಯಿ: ಗಂಡನ ಕುಡಿತದಿಂದ ಸಾಲ, ಜಗಳ. ಮಕ್ಕಳನ್ನು ಕರೆದುಕೊಂಡು ಪಿರಿಯಾಪಟ್ಟಣದ ತವರಿಗೆ ಹೋಗಲೇ ಎಂಬ ಯೋಚನೆ. ಎಲ್ಲರೂ, ‘ಇರುವುದನ್ನು ನೆನೆದು ದೇವರಿಗೆ ಕೃತಜ್ಞಳಾಗಿರು’ ಎನ್ನುತ್ತಾರೆ. ಗಂಡ ಸಂಕ್ರಮಣದಿಂದ ಒಂದು ಹನಿಯೂ ಮುಟ್ಟುವುದಿಲ್ಲ ಎಂದು ದೇವರ ಮುಂದೆ ಆಣೆ ಮಾಡಿದ್ದಾರೆ. ನಂಬಿ ಉಳಿಯಲೇ?

ಆಣೆಯ ಬಗ್ಗೆ ಮೊದಲು ಹೇಳಬೇಕು, ಅದರಲ್ಲಿ ಪ್ರಾಣದ ಪ್ರಶ್ನೆಯಿದೆ. ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿಯುವವರು ಒಂದೇ ದಿನ ಪೂರ್ತಿ ನಿಲ್ಲಿಸಿದರೆ ದೇಹ ತಿರುಗಿಬೀಳುತ್ತದೆ. ಕೊನೆಯ ಗುಟುಕಿನ ಆರೇಳು ಗಂಟೆಗಳಿಂದ ಕೈ ನಡುಕ, ಬೆವರು, ವಾಂತಿ. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಇಲ್ಲದ್ದು ಕಾಣುವುದು, ದಿಕ್ಕುತಪ್ಪಿ ಮಾತನಾಡುವುದು, ಜ್ವರ. ಇದನ್ನು ಹಳ್ಳಿಯಲ್ಲಿ ‘ಆಣೆ ತಪ್ಪಿತು’, ‘ಗಾಳಿ ಹಿಡಿಯಿತು’ ಎಂದು ಮಂತ್ರಿಸಲು ಒಯ್ಯುತ್ತಾರೆ. ಚಿಕಿತ್ಸೆಯಿಲ್ಲದೆ ಸಾವೂ ಆಗುವ ಸ್ಥಿತಿ ಅದು. ಸಂಕ್ರಮಣಕ್ಕೆ ಮೊದಲೇ ಸರ್ಕಾರಿ ಆಸ್ಪತ್ರೆಯ ಮಾನಸಿಕ ರೋಗ ವಿಭಾಗಕ್ಕೆ ಕರೆದೊಯ್ಯಿರಿ. ನಡುಕ ತಡೆಯುವ ಮಾತ್ರೆಯನ್ನು ಕೆಲವು ದಿನ ಕೊಟ್ಟು ಕ್ರಮೇಣ ಇಳಿಸುತ್ತಾರೆ, ಥಯಾಮಿನ್ ಎಂಬ ಬಿ1 ಜೀವಸತ್ವ ಕೊಡುತ್ತಾರೆ. ಆ ಮಾತ್ರೆಯನ್ನು ಅಂಗಡಿಯಿಂದ ತಂದು ನೀವೇ ಕೊಡಬೇಡಿ. ಅದರ ಮೇಲೆ ಮದ್ಯ ಕುಡಿದರೆ ಉಸಿರೇ ನಿಲ್ಲಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡುತ್ತಾರೆ. ವೈದ್ಯರ ಕೈಯಲ್ಲಿ ಆ ವಾರ ದಾಟಿದ ಮೇಲೆ ಆಣೆಗೆ ನಿಜವಾದ ಬಲ ಬರುತ್ತದೆ. ದೇವರ ಮುಂದೆ ಆಡಿದ ಮಾತು, ಮದ್ಯವರ್ಜನ ಶಿಬಿರದ ಗೆಳೆಯರು, ಇವು ಮನುಷ್ಯನನ್ನು ತಿಂಗಳುಗಟ್ಟಲೆ ಹಿಡಿದು ನಿಲ್ಲಿಸಿದ್ದುಂಟು.

‘ಕೃತಜ್ಞಳಾಗಿರು’ ಎನ್ನುವವರ ಮಾತಿಗೆ ಬರೋಣ. ಎಮ್ಮನ್ಸ್ ಮತ್ತು ಮೆಕಲಫ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ವಾರಕ್ಕೊಮ್ಮೆ, ಹತ್ತು ವಾರ, ಕೃತಜ್ಞತೆ ಅನಿಸಿದ ಐದು ಸಂಗತಿಗಳವರೆಗೆ ಬರೆದವರಿಗೆ, ಕಿರಿಕಿರಿಗಳನ್ನು ಬರೆದವರಿಗಿಂತ ಬದುಕಿನ ಬಗ್ಗೆ ಹೆಚ್ಚು ನೆಮ್ಮದಿ ಕಂಡಿತು. ಆದರೆ ಬರೆದವರು ಕಾಲೇಜು ವಿದ್ಯಾರ್ಥಿಗಳು. ಮನೆಯಲ್ಲಿ ಏಟು ತಿನ್ನುತ್ತಿದ್ದ ಹೆಂಗಸರಲ್ಲ. ನೀವೂ ಬರೆಯಿರಿ, ಒಂದು ಷರತ್ತಿನ ಮೇಲೆ: ಯಾರು, ಯಾವ ದಿನ, ಏನು ಮಾಡಿದರು ಎಂದು ಹೆಸರು ಹಿಡಿದು. ‘ಒಳ್ಳೆಯ ಗಂಡ’ ಎಂದು ಬರೆದರೆ ಪ್ರಯೋಜನವಿಲ್ಲ. ‘ಪಕ್ಕದ ಅಕ್ಕ ಬುಧವಾರ ಮಕ್ಕಳಿಗೆ ಊಟ ಹಾಕಿದಳು’ ಎಂದು ಬರೆದರೆ ಕಷ್ಟಕ್ಕೆ ಯಾರ ಬಾಗಿಲು ತಟ್ಟಬಹುದೆಂಬ ಪಟ್ಟಿಯೂ ಅದೇ ಪುಟದಲ್ಲಿ ಸಿದ್ಧವಾಗುತ್ತದೆ. ಆ ಪಟ್ಟಿಯಲ್ಲಿ ಗಂಡನ ಹೆಸರು ವಾರವಾರವೂ ಬರುವುದಿಲ್ಲವೆಂದರೆ ಅದೂ ಒಂದು ಉತ್ತರ.

ಕೈ ಎತ್ತುವುದು ಶುರುವಾಗಿದ್ದರೆ ಸಂಕ್ರಮಣಕ್ಕೆ ಕಾಯಬೇಡಿ. ತುರ್ತಿಗೆ 112, ಮಹಿಳಾ ಸಹಾಯವಾಣಿ 181. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಪ್ರಕಾರ, ಮನೆ ಯಾರ ಹೆಸರಿನಲ್ಲಿದ್ದರೂ ಒಟ್ಟಿಗೆ ಬಾಳಿದ ಮನೆಯಲ್ಲಿ ಇರುವ ಹಕ್ಕು ನಿಮಗಿದೆ. ಹೋಗಬೇಕಾದವರು ನೀವೇ ಎಂದೇನೂ ಇಲ್ಲ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಈ ಕಾಯ್ದೆಯ ಸಂರಕ್ಷಣಾಧಿಕಾರಿಯೂ ಹೌದು, ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಕಚೇರಿ ತೋರಿಸುತ್ತಾರೆ. ಮಕ್ಕಳ ಜನನ ಪ್ರಮಾಣಪತ್ರ, ಆಧಾರ್, ಪಾಸ್‌ಬುಕ್, ಒಡವೆ ಇಂದೇ ನಂಬಿಕೆಯವರ ಮನೆಯಲ್ಲಿರಲಿ. ಸ್ತ್ರೀಶಕ್ತಿ ಸಂಘದ ಸಾಲ ನಿಮ್ಮ ಹೆಸರಿನಲ್ಲಿದ್ದರೆ ಹೊರಡುವ ಮುಂಚೆ ಬಾಕಿ ಎಷ್ಟೆಂದು ಪುಸ್ತಕದಲ್ಲಿ ಬರೆಸಿಕೊಳ್ಳಿ. ತವರಿಗೆ ಹೋಗುವುದು ಸೋಲಲ್ಲ. ಆದರೆ ಅಣ್ಣ ಅತ್ತಿಗೆಯ ಜೊತೆ ಖರ್ಚಿನ ಮಾತನ್ನು ಮೊದಲ ವಾರವೇ ಆಡಿ ಮುಗಿಸಿ.

ಕರಡಿಗೋಡಿನಿಂದ ಒಬ್ಬ ಯುವಕ: ಹೊಳೆಬದಿಯ ಮನೆಗೆ 2019ರಲ್ಲಿ ನೀರು ನುಗ್ಗಿತ್ತು. ಬೇರೆಡೆ ಹೋಗೋಣವೆಂದರೆ ವಾಪ (ಅಪ್ಪ), ‘ಇಸ್ತಿಖಾರಾ ಮಾಡಿದ್ದೇನೆ, ಕನಸಿನಲ್ಲಿ ಸೂಚನೆ ಬರಲಿ’ ಎನ್ನುತ್ತಾರೆ. ತಿಂಗಳಾಯಿತು.

ಒಳಿತಿನ ದಾರಿ ತೋರೆಂದು ಅಲ್ಲಾಹನನ್ನು ಬೇಡುವ ಇಸ್ತಿಖಾರಾಕ್ಕೂ ಕನಸಿಗೂ ಕಡ್ಡಾಯದ ಸಂಬಂಧವಿಲ್ಲ. ಪ್ರವಾದಿಯ ಸಂಗಾತಿ ಜಾಬಿರ್ ಇಬ್ನ್ ಅಬ್ದುಲ್ಲಾ ಅವರಿಂದ ಬಂದ ಹದೀಸ್‌ನಲ್ಲಿ ಕ್ರಮ ಸ್ಪಷ್ಟವಾಗಿದೆ: ಫರ್ಳ್ (ಕಡ್ಡಾಯ) ಅಲ್ಲದ ಎರಡು ರಕಅತ್ (ಸುತ್ತು) ನಮಾಝ್, ಆಮೇಲೆ ದುಆ (ಪ್ರಾರ್ಥನೆ), ದುಆದೊಳಗೆ ತನ್ನ ಅಗತ್ಯವನ್ನು ಹೆಸರಿಸುವುದು. ಈ ಕೆಲಸ ನನ್ನ ದೀನ್‌ಗೂ (ಧರ್ಮಕ್ಕೂ) ಬದುಕಿಗೂ ಒಳಿತಾಗಿದ್ದರೆ ಸುಲಭ ಮಾಡು, ಕೆಡುಕಾಗಿದ್ದರೆ ನನ್ನಿಂದ ದೂರ ಸರಿಸು ಎಂಬುದು ಅದರ ಸಾರ. ಕನಸಿನ ಮಾತು ಅದರಲ್ಲಿ ಬರುವುದಿಲ್ಲ. ಬಲ್ಲವರ ಜೊತೆ ಮಶ್ವರ (ಸಮಾಲೋಚನೆ) ಮಾಡಿ, ಒಂದು ಕಡೆಗೆ ಹೆಜ್ಜೆ ಇಟ್ಟು, ದಾರಿ ತೆರೆಯುತ್ತದೋ ಮುಚ್ಚುತ್ತದೋ ನೋಡಬೇಕು. ಹೆಜ್ಜೆಯನ್ನೇ ಇಡದೆ ಕೂತರೆ ಯಾವ ಬಾಗಿಲು ಸುಲಭವಾಯಿತೆಂದು ತಿಳಿಯುವುದು ಹೇಗೆ? ಇದನ್ನು ನೀವು ಹೇಳುವುದಕ್ಕಿಂತ ಮಸೀದಿಯ ಉಸ್ತಾದರಿಂದ ಹೇಳಿಸಿ. ಮಗನ ಬಾಯಲ್ಲಿ ವಾದವೆನಿಸಿದ್ದು ಉಸ್ತಾದರ ಬಾಯಲ್ಲಿ ಮಾರ್ಗದರ್ಶನವಾಗುತ್ತದೆ.

ಜೊತೆಗೆ ಒಂದು ಕೆಲಸ: 2019ರ ನೀರು ಗೋಡೆಯಲ್ಲಿ ಎಲ್ಲಿಯವರೆಗೆ ಬಂದಿತ್ತೋ ಅಲ್ಲಿ ಬಣ್ಣದ ಗೆರೆ ಎಳೆಯಿರಿ. ಬಾಡಿಗೆಗೆ ನೋಡುವ ಮನೆಯ ಅಕ್ಕಪಕ್ಕದವರನ್ನೂ ಅದೇ ಗೆರೆ ಕೇಳಿ. ಹೊಳೆಯಿಂದ ದೂರ ಎಂದು ಗದ್ದೆಬಯಲಿನ ಮನೆ ಹಿಡಿದರೆ ತೋಡಿನ ನೀರು ಹಿಂದಕ್ಕೆ ಒತ್ತಿ ಅಲ್ಲಿಗೂ ಬರುತ್ತದೆ.

ಮಾದಾಪುರದಿಂದ: 2018ರಲ್ಲಿ ಎರಡು ತಿಂಗಳು ಒಂದು ಕುಟುಂಬ ನಮ್ಮನ್ನು ಮನೆಯಲ್ಲಿಟ್ಟುಕೊಂಡಿತು. ದುಡ್ಡು ಕೊಟ್ಟರೆ ಬೇಜಾರು ಮಾಡಿಕೊಳ್ಳುತ್ತಾರೆ. ಈಗ ಊರು ಬಿಡುತ್ತಿದ್ದೇವೆ.

ದುಡ್ಡು ಬೇಡ. ಎದುರು ಕೂತು ಹೇಳಿ, ಬರೆದುಕೊಂಡೇ ಹೋಗಿ. ಸೆಲಿಗ್ಮನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸರಿಯಾಗಿ ಕೃತಜ್ಞತೆ ಹೇಳದೆ ಉಳಿದವರಿಗೆ ಪತ್ರ ಬರೆದು ಕೈಯಾರೆ ತಲುಪಿಸಿದವರ ಮನಸ್ಸಿನ ಹಗುರ ಒಂದು ತಿಂಗಳವರೆಗೂ ಕಂಡುಬಂತು. ಪತ್ರ ಒಂದು ಪುಟ ಸಾಕು. ‘ನಿಮ್ಮ ಉಪಕಾರ ಮರೆಯಲಾರೆವು’ ಎನ್ನುವುದನ್ನು ಎಲ್ಲರೂ ಬರೆಯುತ್ತಾರೆ. ಅವರು ಮಾಡಿದ ಎರಡು ನಿರ್ದಿಷ್ಟ ಸಂಗತಿ ಬರೆಯಿರಿ: ಅಜ್ಜಿಯ ಬಿಪಿ ಮಾತ್ರೆಗೆ ಮಳೆಯಲ್ಲಿ ಯಾರು ಹೋದರು, ಮಗುವಿಗೆ ಯಾರ ಸ್ವೆಟರ್ ಹಾಕಿದರು. ಅದರಿಂದ ನಿಮಗೆ ಏನಾಯಿತು ಎಂಬುದು ಮೂರನೆಯ ಸಾಲು. ಅವರು ಮಾಡಿದ್ದು ಅವರಿಗೇ ಮರೆತಿರುತ್ತದೆ.

ಕೈಕೆಲಸವೂ ಒಂದು ದಾರಿ. ತೋಟಗಳಲ್ಲಿ ಆಳು ಸಿಗುವುದೇ ಕಷ್ಟವಿರುವಾಗ ಅವರ ರೊಬಸ್ಟ ಕೊಯ್ಲಿಗೆ ಮನೆಮಂದಿಯೆಲ್ಲ ಎರಡು ದಿನ ಹೋದರೆ ಅದನ್ನು ಯಾರೂ ಬೇಡವೆನ್ನುವುದಿಲ್ಲ. ಕೊಯ್ಲು ಜನವರಿಯಿಂದ ಮಾರ್ಚ್‌ವರೆಗೆ. ಯಾವ ವಾರ ಹಣ್ಣಾಗುತ್ತದೆಂದು ಮೊದಲೇ ಕೇಳಿಟ್ಟುಕೊಳ್ಳಿ. ಪುತ್ತರಿಗೆ ತಂಬಿಟ್ಟು, ಗೆಣಸು ಹಿಡಿದು ಹೋಗುವುದನ್ನು ದೂರದ ಊರಿಗೆ ಹೋದ ಮೇಲೂ ತಪ್ಪಿಸಬೇಡಿ.

ಪೊನ್ನಂಪೇಟೆಯಿಂದ: ಮನೆ ಬದಲಿಸಲು ಯಾವ ತಿಂಗಳು ಅನುಕೂಲ? ಗ್ಯಾಸ್, ರೇಷನ್, ಶಾಲೆ, ವೋಟು ಹೇಗೆ?

ತೋಟ ಇರುವವರಿಗೆ ಏಪ್ರಿಲ್, ಮೇ. ಅರೇಬಿಕ, ರೊಬಸ್ಟ, ಮೆಣಸು ಎಲ್ಲ ಮುಗಿದು, ಕಾಫಿ ಹೂ ಅರಳಿಸುವ ಹೂಮಳೆಯೂ ಬಿದ್ದಿರುತ್ತದೆ, ಶಾಲೆಗೂ ರಜೆ. ಮೇ ಕೊನೆಯ ವಾರಕ್ಕೆ ತಳ್ಳಿದರೆ ಹಾಸಿಗೆಗಳು ಲಾರಿಯಲ್ಲೇ ನೆನೆಯುತ್ತವೆ.

ಗ್ಯಾಸ್‌ನಲ್ಲಿ ಎರಡು ಬಗೆ. ಹತ್ತಿರದ ಊರು, ಅದೇ ಕಂಪನಿಯಾದರೆ ಸಿಲಿಂಡರ್, ರೆಗ್ಯುಲೇಟರ್ ನಿಮ್ಮಲ್ಲೇ ಇರಲಿ, ಹೆಸರು ಮಾತ್ರ ಹೊಸ ಏಜೆನ್ಸಿಗೆ ವರ್ಗವಾಗುತ್ತದೆ. ದೂರದ ಊರಾದರೆ ಎರಡನ್ನೂ ಒಪ್ಪಿಸಿ, ಠೇವಣಿ ವಾಪಸ್ ಪಡೆದು, ಟ್ರಾನ್ಸ್‌ಫರ್ ವೋಚರ್ ತೆಗೆದುಕೊಳ್ಳಿ. ಆ ಕಾಗದ ಕಳೆದರೆ ಹೊಸ ಸಂಪರ್ಕದಂತೆ ಮೊದಲಿಂದ ಓಡಾಡಬೇಕಾಗುತ್ತದೆ, ಫೋಟೋ ತೆಗೆದಿಡಿ. ತುಂಬಿದ ಸಿಲಿಂಡರನ್ನು ಸಾಮಾನಿನ ಜೊತೆ ಮಲಗಿಸಿ ಸಾಗಿಸಬಾರದು.

ರೇಷನ್ ಕಾರ್ಡಿಗೆ ಅವಸರವಿಲ್ಲ, ರಾಜ್ಯದ ಯಾವ ನ್ಯಾಯಬೆಲೆ ಅಂಗಡಿಯಲ್ಲೂ ಬೆರಳಚ್ಚು ಕೊಟ್ಟು ಅಕ್ಕಿ ಪಡೆಯಬಹುದು. ಮೊದಲು ಆಧಾರ್ ವಿಳಾಸ ಬದಲಿಸಿ, ಉಳಿದವು ಅದರ ಹಿಂದೆ ಬರುತ್ತವೆ. ಮತದಾರರ ಪಟ್ಟಿಗೆ ನಮೂನೆ 8. ಹೊಸ ಮತದಾರರ ನಮೂನೆ 6 ತುಂಬಿದರೆ ಎರಡು ಕಡೆ ಹೆಸರು ಬಂದು ತೊಡಕು. ಖಾಲಿ ಬಿಡುವ ಮನೆಯ ವಿದ್ಯುತ್ ಮೀಟರ್ ರೀಡಿಂಗನ್ನು ತಾರೀಕಿನ ಸಮೇತ ಫೋಟೋ ತೆಗೆದು, ಮೇನ್ ಸ್ವಿಚ್ ಆರಿಸಿ ಹೊರಡಿ.

ಶಾಲೆಯಿಂದ ಟಿಸಿ ಪಡೆಯುವಾಗ ಮಗುವಿನ ಎಸ್‌ಎಟಿಎಸ್ ಸಂಖ್ಯೆ (ಪ್ರತಿ ವಿದ್ಯಾರ್ಥಿಗೆ ಇರುವ ಗುರುತಿನ ಸಂಖ್ಯೆ) ಅದರಲ್ಲಿದೆಯೇ, ಹೆಸರು, ಹುಟ್ಟಿದ ತಾರೀಕು ಆಧಾರಿಗೆ ಹೊಂದುತ್ತದೆಯೇ ಎಂದು ಕೌಂಟರಿನಲ್ಲೇ ನಿಂತು ನೋಡಿ. ಕೊಡಗಿನ ಮನೆತನದ ಹೆಸರುಗಳನ್ನು ಒಂದು ಕಡೆ ಮೊದಲು, ಇನ್ನೊಂದು ಕಡೆ ಕೊನೆಗೆ ಬರೆದಿರುವುದೇ ಹೆಚ್ಚು. ತಿದ್ದುಪಡಿ ಹಳೆಯ ಶಾಲೆಯಲ್ಲಿದ್ದಾಗಲೇ ಸುಲಭ.